ಚಿನ್ನದ ನ್ಯಾನೊಕಣ, ಲೇಸರ್, ಕ್ಯಾನ್ಸರ್: ವಾಟ್ಸ್‌ಆ್ಯಪ್ ಸಂದೇಶದಲ್ಲಿ ನಿಜ ಎಷ್ಟು?

ತುಂಗಾತೀರ

ನಮ್ಮ ಕುಟುಂಬದ ಗುಂಪಿಗೆ ಒಂದು ಸಂದೇಶ ಬಂದಿದೆ. ಚಿನ್ನದ ಅತಿ ಸಣ್ಣ ಕಣಗಳನ್ನು ರಕ್ತನಾಳದೊಳಗೆ ಬಿಟ್ಟು, ಮರುದಿನ ಲೇಸರ್ ಹಾಯಿಸಿದರೆ ಕ್ಯಾನ್ಸರ್ ಗಡ್ಡೆ ಒಳಗಿಂದಲೇ ಬೆಂದುಹೋಗುತ್ತದಂತೆ. ಕೀಮೋ ಬೇಡ, ಕತ್ತರಿ ಬೇಡ, ಕೂದಲು ಉದುರುವುದಿಲ್ಲ. ಕೊನೆಯಲ್ಲಿ ವಾಡಿಕೆಯಂತೆ, ಔಷಧ ಕಂಪನಿಗಳು ಇದನ್ನು ಮುಚ್ಚಿಟ್ಟಿವೆ, ಎಲ್ಲರಿಗೂ ಕಳುಹಿಸಿ ಎಂಬ ಒಕ್ಕಣೆ.

ಸುಮ್ಮನೆ ಅಳಿಸಿಹಾಕುತ್ತಿದ್ದೆ. ಆದರೆ ನನ್ನ ಸೋದರಮಾವನಿಗೆ (68 ವರ್ಷ) ಪ್ರಾಸ್ಟೇಟ್ ಕ್ಯಾನ್ಸರ್ ಇದೆಯೆಂದು ಈಚೆಗೆ ಗೊತ್ತಾಗಿದೆ. ಬಯಾಪ್ಸಿ ವರದಿಯಲ್ಲಿ ಗ್ಲೀಸನ್ (ರೋಗದ ಉಗ್ರತೆ ತಿಳಿಸುವ ಅಂಕ) 3+3 ಎಂದಿದೆ, ರೋಗ ಗ್ರಂಥಿಯೊಳಗೇ ಇದೆ ಎಂದು ವೈದ್ಯರು ಹೇಳಿದ್ದಾರೆ. ಮಾವ ನಿವೃತ್ತ ಗಣಿತ ಮೇಷ್ಟರು, ಲೆಕ್ಕ ಕೂಡದೆ ಯಾವುದನ್ನೂ ಒಪ್ಪುವವರಲ್ಲ. ಅತ್ತೆಗೆ ಮಾತ್ರ ಈ ಸಂದೇಶ ಸಿಕ್ಕಿದ ಮೇಲೆ ನಿದ್ದೆಯಿಲ್ಲ. ಅಮೆರಿಕದಲ್ಲಿರುವ ನೆಂಟರಿಗೆ ಫೋನ್ ಮಾಡು ಎಂದು ನನ್ನ ಹಿಂದೆ ಬಿದ್ದಿದ್ದಾರೆ. ಈ ಚಿಕಿತ್ಸೆ ನಿಜವಾಗಿ ಇದೆಯೇ? ತಿಳಿದವರು ಹೇಳಬೇಕು.

ಕಣಾದ

ಅಂಥ ಪ್ರಯೋಗ ನಡೆದಿರುವುದು ನಿಜ. ಅದೂ ಪ್ರಾಸ್ಟೇಟ್ ಕ್ಯಾನ್ಸರ್ ಮೇಲೆಯೇ. ಮುಚ್ಚಿಟ್ಟಿರುವುದಂತೂ ಸುಳ್ಳು, 2019ರಲ್ಲೇ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ನಾನು ಲೋಹದ ನ್ಯಾನೊಕಣಗಳ ಮೇಲೆ ಕೆಲಸ ಮಾಡುವವನು, ವೈದ್ಯನಲ್ಲ. ಹಾಗಾಗಿ ಕಣದ ಕಥೆ ನಾನು ಹೇಳುತ್ತೇನೆ, ರೋಗಿಯ ಕಥೆಯನ್ನು ಆಸ್ಪತ್ರೆಯವರು ಯಾರಾದರೂ ಹೇಳಲಿ.

ಒಡವೆಯ ಚಿನ್ನ ಹಳದಿ. ಅದೇ ಚಿನ್ನವನ್ನು ಹತ್ತಿಪ್ಪತ್ತು ನ್ಯಾನೊಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಪಾಲು) ಗಾತ್ರದ ಗುಂಡುಗಳಾಗಿಸಿ ನೀರಿನಲ್ಲಿ ತೇಲಿಬಿಟ್ಟರೆ ನೀರು ಮಾಣಿಕ್ಯದಂತೆ ಕೆಂಪಾಗುತ್ತದೆ. ಮೈಕೇಲ್ ಫ್ಯಾರಡೆ 1857ರಲ್ಲಿ ಇದನ್ನು ಕೂಲಂಕಷವಾಗಿ ಪರೀಕ್ಷಿಸಿದ್ದ. ಬೆಳಕಿನ ಅಲೆ ತಾಗಿದಾಗ ಕಣದಲ್ಲಿರುವ ಎಲೆಕ್ಟ್ರಾನುಗಳೆಲ್ಲ ಒಟ್ಟಿಗೆ ತೂಗಾಡುತ್ತವೆ. ಯಾವುದೋ ಒಂದು ಬಣ್ಣದಲ್ಲಿ ಆ ತೂಗಾಟ ತಾರಕಕ್ಕೇರುತ್ತದೆ, ಆ ಬಣ್ಣವನ್ನು ಕಣ ಗಬಗಬನೆ ನುಂಗುತ್ತದೆ. ಗುಂಡಗಿನ ಕಣಕ್ಕೆ ಅದು ಹಸಿರು, ಅಲೆಯುದ್ದ ಸುಮಾರು 520 ನ್ಯಾನೊಮೀಟರ್. ನುಂಗಿದ ಶಕ್ತಿ ಕಣ್ಣೆವೆ ಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಬೇಗ ಶಾಖವಾಗಿ ಸುತ್ತಲಿನ ನೀರಿಗೆ ಇಳಿಯುತ್ತದೆ.

ಆದರೆ ಹಸಿರು ಬೆಳಕು ಮೈಯೊಳಗೆ ಹೋಗುವುದಿಲ್ಲ. ಕತ್ತಲೆಯಲ್ಲಿ ಅಂಗೈಗೆ ಟಾರ್ಚ್ ಒತ್ತಿ ನೋಡಿ, ಆಚೆ ಬರುವುದು ಕೆಂಪು ಮಾತ್ರ. ಉಳಿದದ್ದನ್ನು ರಕ್ತ ಕುಡಿದುಬಿಡುತ್ತದೆ. ಸುಮಾರು 650ರಿಂದ 950 ನ್ಯಾನೊಮೀಟರ್‌ವರೆಗಿನ ಕೆಂಪು ಮತ್ತು ಅವಕೆಂಪು (ಇನ್‌ಫ್ರಾರೆಡ್) ಬೆಳಕಿಗೆ ಮಾತ್ರ ಮಾಂಸಖಂಡ ಸ್ವಲ್ಪ ದಾರಿ ಬಿಡುತ್ತದೆ. ಹಾಗಾದರೆ ಚಿನ್ನ ನುಂಗುವ ಬಣ್ಣವನ್ನು ಅಲ್ಲಿಗೆ ಸರಿಸಬೇಕು. ಅದಕ್ಕೆ ಆಕಾರ ಬದಲಿಸಬೇಕು.

ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದ ನವೋಮಿ ಹಾಲಾಸ್ ಮಾಡಿದ್ದು ಇದನ್ನೇ. ಸುಮಾರು 120 ನ್ಯಾನೊಮೀಟರ್ ಅಗಲದ ಸಿಲಿಕಾ ಗುಂಡು, ಅದರ ಮೇಲೆ ಸುಮಾರು 15 ನ್ಯಾನೊಮೀಟರ್ ದಪ್ಪದ ಚಿನ್ನದ ಚಿಪ್ಪು. ಚಿಪ್ಪಿನ ದಪ್ಪವನ್ನು ಬದಲಿಸಿದರೆ ನುಂಗುವ ಬಣ್ಣವೂ ಬದಲಾಗುತ್ತದೆ, 800ರ ಆಸುಪಾಸಿಗೆ ತಂದು ನಿಲ್ಲಿಸಬಹುದು. ಜೆನ್ನಿಫರ್ ವೆಸ್ಟ್ ಜೊತೆ ಸೇರಿ 2003ರಲ್ಲಿ ಇಲಿಗಳ ಗಡ್ಡೆಯನ್ನು ಇದರಿಂದ ಬಿಸಿ ಮಾಡಿ ತೋರಿಸಿದರು. ಇನ್ನೊಂದು ದಾರಿ ಚಿನ್ನದ ಕಡ್ಡಿಗಳದು. ಅಟ್ಲಾಂಟಾದ ಜಾರ್ಜಿಯಾ ಟೆಕ್‌ನಲ್ಲಿದ್ದ, ಈಜಿಪ್ಟ್ ಮೂಲದ ಮುಸ್ತಫಾ ಎಲ್-ಸಯದ್ 2006ರಲ್ಲಿ ಅದನ್ನು ಕ್ಯಾನ್ಸರ್ ಕೋಶಗಳ ಮೇಲೆ ಪ್ರಯೋಗಿಸಿದರು. ಜೊತೆಗಿದ್ದವರಲ್ಲಿ ಅವರ ಮಗನೂ ಒಬ್ಬ, ತಲೆ-ಕುತ್ತಿಗೆಯ ಶಸ್ತ್ರವೈದ್ಯ. ಎಲ್-ಸಯದ್ ಅವರ ಪತ್ನಿ ತೀರಿಕೊಂಡದ್ದು ಸ್ತನ ಕ್ಯಾನ್ಸರ್‌ನಿಂದ. ಜೀವಮಾನವಿಡೀ ಬೆಳಕು ಮತ್ತು ಅಣುಗಳ ಭೌತರಸಾಯನದಲ್ಲಿ ಮುಳುಗಿದ್ದವರು ಮುಪ್ಪಿನಲ್ಲಿ ಈ ಕಡೆ ತಿರುಗಿದರು.

ಗುಬ್ಬಚ್ಚಿ

ಇಷ್ಟು ಚೆನ್ನಾಗಿ ಕೆಲಸ ಮಾಡುವುದಾದರೆ 2003ರಿಂದ ಇಲ್ಲಿಯವರೆಗೆ ಏನು ಮಾಡುತ್ತಿದ್ದರು? ನನ್ನದು ವ್ಯಂಗ್ಯವಲ್ಲ, ನಿಜಕ್ಕೂ ಅರ್ಥವಾಗುತ್ತಿಲ್ಲ. ಇನ್ನೊಂದು ಪ್ರಶ್ನೆ: ಬರೀ ಲೇಸರ್‌ನಿಂದಲೇ ಸುಡಬಾರದೇಕೆ?

ಕಣಾದ

ಬರೀ ಲೇಸರ್‌ನಿಂದಲೂ ಸುಡುತ್ತಾರೆ. ಆದರೆ ಅದು ತುದಿಯ ಸುತ್ತ ಇರುವುದನ್ನೆಲ್ಲ ಸುಡುತ್ತದೆ, ಗಡ್ಡೆ ಯಾವುದು, ನರ ಯಾವುದು ಎಂದು ನೋಡುವುದಿಲ್ಲ. ಕಣಗಳು ಗಡ್ಡೆಯಲ್ಲಿ ಹೆಚ್ಚು ಸೇರಿದ್ದರೆ ಮಂದ ಬೆಳಕು ಸಾಕು, ಗಡ್ಡೆ ಬೇಯುತ್ತದೆ, ಪಕ್ಕದ್ದು ಉಳಿಯುತ್ತದೆ. ಎಲ್ಲವೂ ನಿಂತಿರುವುದು ಆ "ಹೆಚ್ಚು ಸೇರಿದ್ದರೆ" ಎಂಬುದರ ಮೇಲೆ.

ಕ್ಯಾನ್ಸರ್ ಗಡ್ಡೆ ಅವಸರವಸರವಾಗಿ ಕಟ್ಟಿಕೊಂಡ ರಕ್ತನಾಳಗಳಲ್ಲಿ ಬಿರುಕುಗಳಿರುತ್ತವೆ, ಸಣ್ಣ ಕಣಗಳು ಅಲ್ಲಿ ಸೋರಿ ಒಳಗೇ ಉಳಿಯುತ್ತವೆ. ಜಪಾನಿನ ಮಾತ್ಸುಮುರಾ ಮತ್ತು ಮಾಯೆದಾ ಇದನ್ನು 1986ರಲ್ಲಿ ಹೇಳಿದರು. ಒಂದು ತಲೆಮಾರಿನ ನ್ಯಾನೊ ವಿಜ್ಞಾನಿಗಳು ಈ ಸೋರಿಕೆಯನ್ನೇ ನಂಬಿ ಸಂಶೋಧನಾ ಹಣಕ್ಕೆ ಅರ್ಜಿ ಬರೆದರು. 2016ರಲ್ಲಿ ಟೊರಾಂಟೊದ ವಾರನ್ ಚಾನ್ ತಂಡ ಹಿಂದಿನ ಹತ್ತು ವರ್ಷಗಳ ಪ್ರಬಂಧಗಳನ್ನು ಗುಡ್ಡೆ ಹಾಕಿ ಲೆಕ್ಕ ನೋಡಿತು. ಚುಚ್ಚಿದ ಕಣಗಳಲ್ಲಿ ಗಡ್ಡೆಗೆ ತಲುಪುವುದು, ಮಧ್ಯಾಂಕ ತೆಗೆದರೆ, ಶೇಕಡಾ 0.7. ಸಾವಿರಕ್ಕೆ ಏಳು! ಅದೂ ಇಲಿಗಳಂಥ ಪ್ರಯೋಗ ಪ್ರಾಣಿಗಳಲ್ಲಿ. ಉಳಿದದ್ದರಲ್ಲಿ ಬಹುಪಾಲನ್ನು ಯಕೃತ್ತು ಮತ್ತು ಗುಲ್ಮ ಹಿಡಿದಿಟ್ಟುಕೊಳ್ಳುತ್ತವೆ. ಮೂತ್ರದಲ್ಲಿ ಹೋಗಲು ಕಣ ಸುಮಾರು 6 ನ್ಯಾನೊಮೀಟರ್‌ಗಿಂತ ಸಣ್ಣದಿರಬೇಕು. 150 ನ್ಯಾನೊಮೀಟರ್ ಚಿಪ್ಪುಗಳಿಗೆ ಆ ಬಾಗಿಲು ಮುಚ್ಚಿದೆ. ಚಿನ್ನ ಕರಗುವುದೂ ಇಲ್ಲ, ಯಕೃತ್ತಿನಲ್ಲಿ ಬಹುಕಾಲ ಬಿಡಾರ ಹೂಡುತ್ತದೆ.

ಕಡ್ಡಿಗಳ ಕಷ್ಟವೇ ಬೇರೆ. ಅವುಗಳನ್ನು ಬೆಳೆಸಲು ಬಳಸುವ ಸಿಟಿಎಬಿ ಎಂಬ ಸಾಬೂನಿನಂಥ ರಾಸಾಯನಿಕ ಕೋಶಗಳಿಗೆ ವಿಷ, ಅದನ್ನು ತೊಳೆದು ಬೇರೆ ಹೊದಿಕೆ ಹಾಕಬೇಕು. ಲೇಸರ್ ಮಿಡಿತ ಜೋರಾದರೆ ಕಡ್ಡಿ ಕರಗಿ ಗುಂಡಗಾಗುತ್ತದೆ. ಗುಂಡಗಾದ ಮೇಲೆ ಮತ್ತೆ ಹಸಿರೇ ಗತಿ, ಅವಕೆಂಪನ್ನು ನುಂಗುವ ಗುಣವೇ ಹೊರಟುಹೋಗುತ್ತದೆ.

ಡೋಸಿಮೀಟರ್

ನಾನು ಆಸ್ಪತ್ರೆಯೊಂದರ ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ಭೌತವಿಜ್ಞಾನಿ. ಕಣಾದ ಅವರು ಬಿಟ್ಟ ಭಾಗವನ್ನು ಎತ್ತಿಕೊಳ್ಳುತ್ತೇನೆ.

2019ರ ವರದಿಯ ವಿವರ: ನ್ಯೂಯಾರ್ಕ್‌ನ ಮೌಂಟ್ ಸಿನಾಯ್‌ನಲ್ಲಿ 58ರಿಂದ 79 ವರ್ಷದ 16 ಮಂದಿ ಸೇರಿದರು. ಎಲ್ಲರದ್ದೂ ಗ್ರಂಥಿಯೊಳಗೇ ಇದ್ದ, ಕಡಿಮೆ ಅಥವಾ ಮಧ್ಯಮ ಅಪಾಯದ ಕ್ಯಾನ್ಸರ್. ಮೊದಲ ದಿನ ರಕ್ತನಾಳಕ್ಕೆ ಚಿನ್ನದ ಚಿಪ್ಪುಗಳು. ಮರುದಿನ ಎಂಆರ್‌ಐ ಚಿತ್ರವನ್ನು ಅಲ್ಟ್ರಾಸೌಂಡ್ ಮೇಲೆ ಹೊಂದಿಸಿ, ಲೇಸರ್ ತಂತುವನ್ನು ಸೂಜಿಯ ದಾರಿಯಲ್ಲಿ ಗಡ್ಡೆಯೊಳಗೇ ಇಳಿಸಿದರು. ಇದನ್ನು ಗಮನಿಸಿ: ಬೆಳಕನ್ನು ಹೊರಗಿನಿಂದ ಹಾಯಿಸಲಿಲ್ಲ. ಅವಕೆಂಪು ಬೆಳಕು ಮೈಯೊಳಗೆ ಉಪಯೋಗಕ್ಕೆ ಬರುವಷ್ಟು ಇಳಿಯುವುದು ಕೆಲವು ಮಿಲಿಮೀಟರ್, ಹೆಚ್ಚೆಂದರೆ ಒಂದು ಸೆಂಟಿಮೀಟರ್ ಚಿಲ್ಲರೆ. "ಕತ್ತರಿ ಬೇಡ" ಎನ್ನುವ ಸಂದೇಶ ಸೂಜಿಯ ವಿಷಯವನ್ನು ಹೇಳಿಯೇ ಇಲ್ಲ.

ಹದಿನೈದು ಮಂದಿಗೆ ಚಿಕಿತ್ಸೆ ಪೂರ್ತಿಯಾಯಿತು. ಒಂದು ವರ್ಷದ ನಂತರದ ಬಯಾಪ್ಸಿಯಲ್ಲಿ 13 ಮಂದಿಗೆ ಸುಟ್ಟ ಜಾಗದಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಮೂತ್ರದ ಹತೋಟಿ, ಲೈಂಗಿಕ ಸಾಮರ್ಥ್ಯ ಎರಡರಲ್ಲೂ ಹೇಳಿಕೊಳ್ಳುವಂಥ ಇಳಿಕೆ ಆಗಲಿಲ್ಲ. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಲ್ಲಿ ಗಂಡಸರು ಹೆದರುವುದು ಈ ಎರಡಕ್ಕೇ, ಆದ್ದರಿಂದ ಇದು ಸಣ್ಣ ಮಾತಲ್ಲ. ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ, ಜನ ಹದಿನಾರೇ, ಅವಧಿ ಒಂದು ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್ ಹತ್ತು-ಹದಿನೈದು ವರ್ಷಗಳ ಲೆಕ್ಕದಲ್ಲಿ ನಡೆಯುವ ರೋಗ.

ಶಾಖದ ಅಳತೆಯೂ ಸುಲಭವಲ್ಲ. 42 ಡಿಗ್ರಿ ದಾಟಿ ಸಾಕಷ್ಟು ಹೊತ್ತು ನಿಂತರೆ ಕೋಶಗಳು ಸೊರಗುತ್ತವೆ, 60ರ ಹತ್ತಿರ ಹೋದರೆ ಪ್ರೋಟೀನು ಹೆಪ್ಪುಗಟ್ಟಿ ಕ್ಷಣಗಳಲ್ಲಿ ಸಾಯುತ್ತವೆ. ನಡುವಿನ ತಾಪದಲ್ಲಿ ಸಿಕ್ಕಿಕೊಂಡ ಕೋಶಗಳು ರಕ್ಷಕ ಪ್ರೋಟೀನುಗಳನ್ನು ತಯಾರಿಸಿಕೊಂಡು ಚೇತರಿಸಿಕೊಳ್ಳುವುದೂ ಉಂಟು. ಗಡ್ಡೆಯ ಅಂಚಿನಲ್ಲಿ ದೊಡ್ಡ ರಕ್ತನಾಳವಿದ್ದರಂತೂ ಹರಿಯುವ ಹೊಳೆಯಲ್ಲಿ ಹಂಡೆ ಇಟ್ಟು ನೀರು ಕಾಯಿಸಿದಂತೆ, ಕೊಟ್ಟ ಬಿಸಿಯನ್ನೆಲ್ಲ ರಕ್ತ ಹೊತ್ತೊಯ್ಯುತ್ತದೆ. ಕ್ಯಾನ್ಸರ್ ಮರಳಿ ಬರುವುದು ಇಂಥ ಅಂಚುಗಳಿಂದ.

ರಸಶಾಲೆ

ನಮ್ಮ ಸ್ವರ್ಣಭಸ್ಮ ಶತಮಾನಗಳಿಂದ ಇದೆ. ಇವರು ಈಗ ಲೇಸರ್ ಜೋಡಿಸಿ ಹೊಸದೆನ್ನುತ್ತಿದ್ದಾರೆ. ಭಸ್ಮದಲ್ಲಿಯೂ ಚಿನ್ನದ ನ್ಯಾನೊಕಣಗಳಿವೆ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲೇ ತೋರಿಸಿದ್ದಾರಲ್ಲವೇ?

ಕಣಾದ

ಇವೆ, ರಸಶಾಲೆ ಅವರೇ, ಅಲ್ಲಗಳೆಯುವುದಿಲ್ಲ. ಚಿನ್ನವನ್ನು ಅಷ್ಟು ನುಣ್ಣಗೆ ಮಾಡಿದ ಕೈಗಳ ಬಗ್ಗೆ ನನಗೆ ಗೌರವವೂ ಇದೆ. ಆದರೆ ಭಸ್ಮದ ಕಣಗಳು ಒಂದಕ್ಕೊಂದು ಅಂಟಿದ, ನಾನಾ ಗಾತ್ರದ ಗಟ್ಟಿ ಚಿನ್ನ. ಒಳಗೆ ಸಿಲಿಕಾ ಇಲ್ಲ, ಕಡ್ಡಿಯ ಆಕಾರವಿಲ್ಲ, ಒಂದು ನಿರ್ದಿಷ್ಟ ಅವಕೆಂಪು ಬಣ್ಣವನ್ನು ನುಂಗುವಂತೆ ಹದಗೊಳಿಸಿದ್ದಲ್ಲ. ಸೇವಿಸುವುದು ಬಾಯಿಯಿಂದ, ಪ್ರಾಸ್ಟೇಟಿನ ಗಡ್ಡೆಗೆ ಹೋಗಿ ನಿಲ್ಲುತ್ತದೆ ಎನ್ನಲು ಆಧಾರವಿಲ್ಲ. ಭಸ್ಮ ತಿಂದು ಲೇಸರ್ ಹೊಡೆಸಿಕೊಂಡರೆ ಚರ್ಮ ಸುಟ್ಟೀತು, ಅಷ್ಟೇ.

ರಸಶಾಲೆ

ಭಸ್ಮ ತಿಂದು ಲೇಸರ್ ಹೊಡೆಸಿಕೊಳ್ಳಿ ಎಂದು ನಾನು ಹೇಳಿಲ್ಲ. ಇರಲಿ.

ಪರದೇಸಿ ಕನ್ನಡಿಗ

ಒಂದು ಗೊಂದಲವನ್ನು ಬಿಡಿಸಬೇಕು. ಬೆಳಕಿನಿಂದ ಕ್ಯಾನ್ಸರ್ ಚಿಕಿತ್ಸೆ ಎಂದು ತಿರುಗುವ ಸುದ್ದಿಗಳಲ್ಲಿ ಕನಿಷ್ಠ ಮೂರು ಬೇರೆ ವಿಷಯಗಳು ಕಲಸಿಹೋಗಿರುತ್ತವೆ. ನೀವು ಮಾತಾಡುತ್ತಿರುವುದು ಶಾಖದ್ದು. ಫೋಟೊಡೈನಾಮಿಕ್ ಚಿಕಿತ್ಸೆಯಲ್ಲಿ ಶಾಖವಿಲ್ಲ, ಬೆಳಕು ಬಿದ್ದ ಔಷಧ ಕೋಶದೊಳಗೆ ಉಗ್ರ ಆಮ್ಲಜನಕವನ್ನು ಹುಟ್ಟಿಸಿ ಕೊಲ್ಲುತ್ತದೆ. ಫೋಟೊಫ್ರಿನ್ ಎಂಬ ಅದರ ಔಷಧಕ್ಕೆ ಕೆನಡಾ 1993ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಮೂರನೆಯದು ಜಪಾನ್ 2020ರ ಸೆಪ್ಟೆಂಬರ್‌ನಲ್ಲಿ ತಲೆ-ಕುತ್ತಿಗೆಯ ಕ್ಯಾನ್ಸರ್‌ಗೆ ಒಪ್ಪಿದ ಅಕಾಲಕ್ಸ್. ಅದರಲ್ಲಿ ಕ್ಯಾನ್ಸರ್ ಕೋಶವನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯಕ್ಕೆ ಒಂದು ಬಣ್ಣವನ್ನು ಕಟ್ಟಿರುತ್ತಾರೆ, 690 ನ್ಯಾನೊಮೀಟರ್ ಬೆಳಕು ಬಿದ್ದಾಗ ಕೋಶದ ಹೊರಪೊರೆ ಒಡೆಯುತ್ತದೆ. ಇವಕ್ಕೆ ಒಪ್ಪಿಗೆ ಸಿಕ್ಕಿದೆ ಎಂದಮಾತ್ರಕ್ಕೆ ಚಿನ್ನದ ಕಣಗಳಿಗೂ ಸಿಕ್ಕಿದೆ ಎಂದು ತಿಳಿಯಬಾರದು.

ತುಂಗಾತೀರ

ಎಲ್ಲರಿಗೂ ವಂದನೆ. ಮಾವನಿಗೆ ಇಡೀ ಚರ್ಚೆಯನ್ನು ಮುದ್ರಿಸಿ ಕೊಟ್ಟೆ. ಅವರು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕೇಳಿದ್ದು ಇದು: ಇಲಿಯಲ್ಲಿ ಗಡ್ಡೆ ಪೂರ್ತಿ ಮಾಯವಾಯಿತು ಎನ್ನುವ ಪ್ರಬಂಧಗಳು ಸಾವಿರಾರಿವೆಯಂತೆ, ಮನುಷ್ಯರಲ್ಲಿ ಪ್ರಯೋಗ ಬೆರಳೆಣಿಕೆಯಷ್ಟು ಏಕೆ?

ಕಣಾದ

ಮೇಷ್ಟರಿಗೆ ಲೆಕ್ಕದಲ್ಲೇ ಉತ್ತರ ಕೊಡುತ್ತೇನೆ. ಪ್ರಯೋಗಾಲಯದ ಇಲಿಯ ತೂಕ 20 ಗ್ರಾಂ ಎನ್ನಿ. ಅದರ ಮೈಮೇಲೆ ಅರ್ಧ ಗ್ರಾಂ ಗಡ್ಡೆ ಬೆಳೆಸಿದರೆ ಅದು ದೇಹದ ತೂಕದ ಶೇಕಡಾ 2.5. ಎಪ್ಪತ್ತು ಕಿಲೋ ಮನುಷ್ಯನಿಗೆ ಅದೇ ಪ್ರಮಾಣದಲ್ಲಿ 1.75 ಕಿಲೋ ಗಡ್ಡೆ ಬೇಕು! ದೇಹಕ್ಕೆ ಹೋಲಿಸಿದರೆ ಅಷ್ಟು ದೊಡ್ಡ ಗಡ್ಡೆಗೆ ಕಣ ಸೇರಿಸುವುದು, ಮನುಷ್ಯನ ಕಡಲೆಕಾಳು ಗಾತ್ರದ ಗಡ್ಡೆಗೆ ಸೇರಿಸುವುದಕ್ಕಿಂತ ಎಷ್ಟೋ ಸುಲಭ. ಮೇಲಾಗಿ ಆ ಗಡ್ಡೆ ಚರ್ಮದ ಕೆಳಗೇ ಇರುತ್ತದೆ, ಹೊರಗಿನಿಂದ ಬೆಳಕು ಬಿಟ್ಟರೂ ತಲುಪುತ್ತದೆ.

ಬೆಳಕಿನ ಪ್ರಮಾಣದಲ್ಲೂ ಕೈಚಳಕ ಉಂಟು. 808 ನ್ಯಾನೊಮೀಟರ್ ಲೇಸರ್ ಚರ್ಮದ ಮೇಲೆ ಬೀಳಲು ಸುರಕ್ಷಿತ ಮಿತಿ ಚದರ ಸೆಂಟಿಮೀಟರಿಗೆ ಸುಮಾರು 0.33 ವ್ಯಾಟ್. ಎಷ್ಟೋ ಪ್ರಬಂಧಗಳಲ್ಲಿ ಇಲಿಗಳಿಗೆ 1ರಿಂದ 2 ವ್ಯಾಟ್ ಬಿಟ್ಟಿರುತ್ತಾರೆ. ಪುಟ ತಿರುವಿ ವಿಧಾನದ ಭಾಗವನ್ನು ಓದಿದರೆ ಮಾತ್ರ ಇದು ಕಾಣುವುದು, ಸಾರಾಂಶದಲ್ಲಿ "ಅತ್ಯುತ್ತಮ ಸುರಕ್ಷತೆ" ಎಂದೇ ಇರುತ್ತದೆ.

ನಮ್ಮ ಕ್ಷೇತ್ರದ ಮೇಲೆ ನನಗಿರುವ ಸಿಟ್ಟನ್ನೂ ಇಲ್ಲೇ ಕಾರಿಕೊಳ್ಳುತ್ತೇನೆ. ಇಂಗಾಲದ ನಳಿಕೆ ಬಂತು, ಗ್ರಾಫೀನ್ ಬಂತು, ತಾಮ್ರದ ಸಲ್ಫೈಡ್, ಪಾಲಿಡೋಪಮಿನ್, ಕಪ್ಪು ರಂಜಕ, ಎಂಎಕ್ಸೀನ್ ಬಂದವು. ಪ್ರತಿಯೊಂದಕ್ಕೂ ಅದೇ ಇಲಿ, ಅದೇ ಲೇಸರ್, ಕೆಂಪು-ನೀಲಿಯ ಅದೇ ತಾಪಚಿತ್ರ, ಗಡ್ಡೆ ಕುಗ್ಗಿದ ಅದೇ ಗೆರೆ. ಬಿಸಿ ಮಾಡುವ ವಸ್ತುವಿಗೆ ಬರವೇ ಇರಲಿಲ್ಲ. ಬೇಕಾಗಿರುವುದು ಗಡ್ಡೆಗೆ ತಲುಪುವ, ಕೆಲಸ ಮುಗಿದ ಮೇಲೆ ಮೈಯಿಂದ ಹೊರಡುವ ಕಣ. ಆ ಪರೀಕ್ಷೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಪ್ರಬಂಧ ಬೇಗ ಬರುವುದಿಲ್ಲ, ಆದ್ದರಿಂದ ಮಾಡುವವರು ಕಡಿಮೆ.

ಮಾಡಿದವರೂ ಇದ್ದಾರೆ. ಐಐಟಿ ಬಾಂಬೆಯ ರೋಹಿತ್ ಶ್ರೀವಾಸ್ತವ ಅವರ ತಂಡ ಕೊಬ್ಬಿನ ಪುಟ್ಟ ಗುಳ್ಳೆಗಳ ಮೇಲೆ ಚಿನ್ನ ಲೇಪಿಸಿತು. ಕೆಲಸ ಮುಗಿದ ಮೇಲೆ ಗುಳ್ಳೆ ಒಡೆದು ಚಿನ್ನ ಸಣ್ಣ ಚೂರುಗಳಾಗಿ ಯಕೃತ್ತು, ಮೂತ್ರಪಿಂಡಗಳ ದಾರಿ ಹಿಡಿಯಬೇಕೆಂಬುದು ಉಪಾಯ. 2015ರಲ್ಲಿ ಇಲಿಗಳಲ್ಲಿ ತೋರಿಸಿದ್ದಾರೆ. ಇಂಡೋಸೈನೈನ್ ಗ್ರೀನ್ ಎಂಬ ಬಣ್ಣವೂ ನನಗೆ ಮೆಚ್ಚು. ಅಮೆರಿಕದಲ್ಲಿ 1959ರಿಂದ ರೋಗಪರೀಕ್ಷೆಗೆ ಬಳಕೆಯಲ್ಲಿದೆ, ಯಕೃತ್ತು ಅದನ್ನು ಪಿತ್ತದ ಮೂಲಕ ಹೊರಹಾಕುತ್ತದೆ, 800ರ ಹತ್ತಿರ ಬೆಳಕನ್ನೂ ನುಂಗುತ್ತದೆ. ಬೇಗ ಬಣ್ಣಗೆಡುತ್ತದೆ ಎಂಬುದೇ ಕುಂದು.

ಡೋಸಿಮೀಟರ್

ನಮ್ಮ ದೇಶದ ಮಟ್ಟಿಗೆ ಯೋಚಿಸಿದರೆ ಇದಕ್ಕೆ ಮೊದಲ ಸ್ಥಳ ಪ್ರಾಸ್ಟೇಟ್ ಅಲ್ಲ, ಬಾಯಿ. ಬಾಯಿ ಕ್ಯಾನ್ಸರ್ ಇಲ್ಲಿ ಮನೆಮಾತು, ಗಡ್ಡೆ ಕಣ್ಣಿಗೆ ಕಾಣುತ್ತದೆ, ಸೂಜಿಯಿಂದ ಕಣಗಳನ್ನು ನೇರ ಗಡ್ಡೆಗೇ ಚುಚ್ಚಬಹುದು. ಆಗ ಸಾವಿರಕ್ಕೆ ಏಳರ ಗೋಳೇ ಇಲ್ಲ, ಬೆಳಕಿಗೆ ಆಳದ ಕಷ್ಟವೂ ಇಲ್ಲ. ಕುತ್ತಿಗೆಯ ಗ್ರಂಥಿಗಳಿಗೆ ಹರಡಿದ್ದರೆ ಮಾತ್ರ ಇದು ಸಾಲದು, ಬೆಳಕು ಹೋಗದ ಕಡೆ ಈ ಚಿಕಿತ್ಸೆಗೆ ಕಣ್ಣಿಲ್ಲ. ಅಡಿಕೆ, ತಂಬಾಕು ಬಿಡುವುದು ಇದೆಲ್ಲಕ್ಕಿಂತ ಅಗ್ಗ ಎಂಬುದನ್ನೂ ಸೇರಿಸುತ್ತೇನೆ.

ತೋಟದಮನೆ

ತಂಬಾಕು ಎನ್ನಿ, ಒಪ್ಪುತ್ತೇನೆ. ಅಡಿಕೆಯನ್ನು ಯಾಕೆ ಎಳೆದು ತರುತ್ತೀರಿ? ಗುಟ್ಕಾದವರು ಮಾಡಿದ ಪಾಪಕ್ಕೆ ಬೆಳೆಗಾರರ ತಲೆ ಮೇಲೆ ಗೂಬೆ.

ಡೋಸಿಮೀಟರ್

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದೇ ಪಟ್ಟಿ ಮಾಡಿದೆ. ನಮ್ಮ ಮನೆಯಲ್ಲೂ ತೋಟವಿದೆ, ಹೇಳಲು ನನಗೂ ಹಿತವಲ್ಲ.

ನಿರ್ವಾಹಕ

ಅಡಿಕೆಯ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ ಸಾಕಷ್ಟು ಕಾವು ಇದೆ. ಇಲ್ಲಿ ಮೂಲ ಪ್ರಶ್ನೆಗೆ ಮರಳಿ.

ಗುಬ್ಬಚ್ಚಿ

ಹರಡಿದ ಕ್ಯಾನ್ಸರ್‌ಗೆ ಏನೂ ಇಲ್ಲವೇ ಹಾಗಾದರೆ?

ಕಣಾದ

ಒಂದು ಆಸೆ ಇದೆ. ಬೆಂದು ಸತ್ತ ಕೋಶಗಳಿಂದ ಹೊರಬೀಳುವ ಚೂರುಗಳನ್ನು ಕಂಡು ದೇಹದ ರೋಗನಿರೋಧಕ ಪಡೆ ಎಚ್ಚೆತ್ತು, ದೂರದ ಗಡ್ಡೆಗಳನ್ನೂ ಗುರುತಿಸಬಹುದು. ಪ್ರತಿರೋಧದ ತಡೆಯನ್ನು ಸಡಿಲಿಸುವ ಈಗಿನ ಇಮ್ಯೂನೊಥೆರಪಿ ಔಷಧಗಳ ಜೊತೆ ಕೊಟ್ಟಾಗ ಇಲಿಗಳಲ್ಲಿ ಹಾಗೆ ಆಗಿದೆ. ಇಲಿಗಳಲ್ಲಿ, ಮತ್ತೆ.

ಡೋಸಿಮೀಟರ್

ತುಂಗಾತೀರ ಅವರೇ, ನಿಮ್ಮ ಮಾವನ ವಿಷಯಕ್ಕೆ ಬರುತ್ತೇನೆ. ವರದಿ ನೋಡದೆ ಸಲಹೆ ಕೊಡಲಾರೆ, ಆದರೆ ವೈದ್ಯರನ್ನು ಏನು ಕೇಳಬೇಕೆಂದು ಹೇಳಬಲ್ಲೆ. ಗ್ಲೀಸನ್ 3+3 ಪ್ರಾಸ್ಟೇಟ್ ಕ್ಯಾನ್ಸರ್‌ನ ಅತಿ ಸೌಮ್ಯ ದರ್ಜೆ. ಅನೇಕರಿಗೆ ತಕ್ಷಣ ಯಾವ ಚಿಕಿತ್ಸೆಯನ್ನೂ ಕೊಡದೆ, ಪಿಎಸ್‌ಎ ರಕ್ತಪರೀಕ್ಷೆ, ಎಂಆರ್‌ಐ, ಆಗಾಗ ಬಯಾಪ್ಸಿ ಮಾಡುತ್ತ ಕಣ್ಣಿಡುತ್ತಾರೆ. ಇದು ಕೈಬಿಟ್ಟಂತೆ ಅಲ್ಲ, ಒಪ್ಪಿತವಾದ ಕ್ರಮ. ಬ್ರಿಟನ್ನಿನಲ್ಲಿ 1,643 ಮಂದಿಯನ್ನು ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ ಎಂದು ಮೂರು ಗುಂಪು ಮಾಡಿ 15 ವರ್ಷ ಹಿಂಬಾಲಿಸಿದರು. 2023ರಲ್ಲಿ ಫಲಿತಾಂಶ ಬಂತು. ಮೂರು ಗುಂಪುಗಳಲ್ಲೂ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಸತ್ತವರು ಸುಮಾರು ಶೇಕಡಾ 2ರಿಂದ 3 ಮಾತ್ರ. ಈ ಲೆಕ್ಕ ನಿಮ್ಮ ಮೇಷ್ಟರಿಗೆ ಹಿಡಿಸಬಹುದು. ಮೊದಲ ಪ್ರಶ್ನೆ ಹಾಗಾದರೆ "ಯಾವ ಚಿಕಿತ್ಸೆ" ಎಂಬುದಲ್ಲ, "ಈಗಲೇ ಚಿಕಿತ್ಸೆ ಬೇಕೇ" ಎಂಬುದು.

ಇನ್ನು ನ್ಯಾನೊ ಚಿಕಿತ್ಸೆ ಕೊಡುತ್ತೇವೆ ಎಂದು ಯಾರಾದರೂ ಫೋನ್ ಮಾಡಿದರೆ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಸಂಖ್ಯೆ ಕೇಳಿ. 2009ರ ಜೂನ್‌ನಿಂದ ಔಷಧ ಪ್ರಯೋಗಗಳಿಗೆ ಆ ನೋಂದಣಿ ಕಡ್ಡಾಯ, ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಸಂಖ್ಯೆ ಕೊಡದೆ ಮುಂಗಡ ಹಣ ಕೇಳಿದರೆ ಫೋನ್ ಇಟ್ಟುಬಿಡಿ.

ತುಂಗಾತೀರ

ಮಾವ ವೈದ್ಯರ ಬಳಿ ಮಾತಾಡಿ ಬಂದರು. ಸದ್ಯಕ್ಕೆ ನಿಗಾ ಸಾಕು, ಆರು ತಿಂಗಳಿಗೆ ಪಿಎಸ್‌ಎ ಮಾಡೋಣ ಎಂದರಂತೆ. ಅತ್ತೆ ಇನ್ನೂ ಪೂರ್ತಿ ಒಪ್ಪಿಲ್ಲ. ರೋಗ ಇಟ್ಟುಕೊಂಡು ಸುಮ್ಮನೆ ಕೂರುವುದೆಂದರೇನು ಎಂದು ನನ್ನ ಮೇಲೆ ರೇಗುತ್ತಾರೆ. ಮಾವನಿಗೆ ಮಾತ್ರ ಈಗ ಚಿನ್ನದ ಮೇಲೆಯೇ ಕುತೂಹಲ ಹತ್ತಿದೆ. ಮೈಯಲ್ಲಿ ಲೋಹ ಉಳಿದವರಿಗೆ ಮುಂದೆ ಎಂಆರ್‌ಐ ಮಾಡುವುದು ಹೇಗೆ ಎಂದು ಕೇಳಿ ಬರೆಯಲು ಹೇಳಿದ್ದಾರೆ.

ಡೋಸಿಮೀಟರ್

ಮೇಷ್ಟರ ಪ್ರಶ್ನೆ ಸರಿಯಾದ ಜಾಗಕ್ಕೇ ಬಿದ್ದಿದೆ. ಚಿನ್ನವನ್ನು ಆಯಸ್ಕಾಂತ ಸೆಳೆಯುವುದಿಲ್ಲ, ಅಷ್ಟು ಸಣ್ಣ ಕಣಗಳಿಂದ ಎಂಆರ್‌ಐಗೆ ತೊಡಕಿಲ್ಲ. ತೊಡಕಾದದ್ದು ಕಬ್ಬಿಣದಿಂದ. ಬೆಳಕಿಗೆ ಆಳದ ಮಿತಿ ಇರುವುದರಿಂದ ಜರ್ಮನಿಯ ಕಂಪನಿಯೊಂದು ಕಬ್ಬಿಣದ ಆಕ್ಸೈಡ್ ಕಣಗಳನ್ನು ಮೆದುಳಿನ ಗಡ್ಡೆಗೆ ಚುಚ್ಚಿ, ಸೆಕೆಂಡಿಗೆ ಲಕ್ಷ ಬಾರಿ ದಿಕ್ಕು ಬದಲಿಸುವ ಕಾಂತಕ್ಷೇತ್ರದಿಂದ ಬಿಸಿ ಮಾಡುವ ವಿಧಾನ ತಂದಿತು. ಐರೋಪ್ಯ ಒಕ್ಕೂಟ 2010ರಲ್ಲಿ ಒಪ್ಪಿಗೆಯನ್ನೂ ಕೊಟ್ಟಿತು. ಕಾಂತಕ್ಷೇತ್ರಕ್ಕೆ ತಲೆಬುರುಡೆ ಅಡ್ಡಿಯೇ ಅಲ್ಲ. ಆದರೆ ಆ ಕಬ್ಬಿಣ ಅಲ್ಲೇ ಉಳಿದು, ಮುಂದೆ ತೆಗೆದ ಎಂಆರ್‌ಐ ಚಿತ್ರದಲ್ಲಿ ಗಡ್ಡೆ ಇದ್ದ ಜಾಗವೇ ಕಪ್ಪಾಗಿ ಅಳಿಸಿಹೋಗುತ್ತಿತ್ತು. ರೋಗ ಮರಳಿದೆಯೇ ಎಂದು ತಿಳಿಯಲು ಬೇರೆ ಸ್ಕ್ಯಾನ್ ಮಾಡಬೇಕಿತ್ತು. ಹಲ್ಲಿಗೆ ಲೋಹ ತುಂಬಿಸಿಕೊಂಡವರು ಚಿಕಿತ್ಸೆಗೆ ಮುಂಚೆ ಅದನ್ನೂ ತೆಗೆಸಬೇಕಾಗಿತ್ತು, ಇಲ್ಲದಿದ್ದರೆ ಆ ಹಲ್ಲೂ ಕಾಯುತ್ತದೆ.